ಮೂರನೇ ತೊಟ್ಟಿಯ ನೀರು

ಕಾರು ತೊಳೆಯುವವರ ಪ್ರದರ್ಶನ ಎಂದರೆ ಎಣ್ಣೆ, ಗ್ರೀಸು, ಒದ್ದೆ ರಬ್ಬರಿನ ವಾಸನೆ ಇರುತ್ತದೆ ಎಂದುಕೊಂಡು ಬಂದಿದ್ದಳು ಸೊಸೆ. ಅವೆಲ್ಲ ಅವಳಿಗೆ ಅಭ್ಯಾಸವಾಗಿದ್ದವು. ಆದರೆ ಪ್ರದರ್ಶನದ ಹಾಲ್‌ನ ಬಾಗಿಲು ದಾಟುತ್ತಿದ್ದಂತೆ ಮೂಗಿಗೆ ಬಡಿದದ್ದು ಹಣ್ಣಿನ ವಾಸನೆ. ಮರದಲ್ಲಿ ಬಿಡುವ ಹಣ್ಣಲ್ಲ, ಡ್ರಮ್ಮಿನಲ್ಲಿ ಬರುವ ಹಣ್ಣು. ಒಬ್ಬ ಚೆರ್ರಿ ನೊರೆ ಉಗುಳಿಸುತ್ತಿದ್ದ, ಪಕ್ಕದವನು ನಿಂಬೆ ನೊರೆ, ಅವನಾಚೆಯವನು ಮಕ್ಕಳು ಅಗಿಯುವ ಗಮ್ಮಿನ ವಾಸನೆಯ ಗುಲಾಬಿ ನೊರೆ. ತಗಡಿನ ಚಾವಣಿಯ ಕೆಳಗೆ ಅವೆಲ್ಲ ಕಲೆತು, ಯಾರೋ ಸಿಹಿ ತಿಂದು ಕಾರಿಕೊಂಡ ಮೇಲೆ ಅದಕ್ಕೆ ಅತ್ತರು ಸುರಿದ ಹಾಗೆ ನಾರುತ್ತಿತ್ತು. ಐದು ತಿಂಗಳ ಬಸುರಿಯ ಹೊಟ್ಟೆ ತೊಳಸಲು ಇನ್ನೇನು ಬೇಕು. ಅವಳು ಕರವಸ್ತ್ರ ಮೂಗಿಗೆ ಒತ್ತಿಕೊಂಡು ತಮ್ಮ ಮಳಿಗೆ ಹುಡುಕುತ್ತ ನಡೆದಳು.

ಆಳೆತ್ತರದ ನೀಲಿ ಬ್ರಷ್ಷುಗಳು ಯಾವ ಕಾರೂ ಇಲ್ಲದೆ ಸುಮ್ಮಸುಮ್ಮನೆ ತಿರುಗುತ್ತಿದ್ದವು. ಜನ ಚೀಲ ಹಿಡಿದು ಬೀಗದ ಕೈ ಗೊಂಚಲು, ಒರೆಸುವ ಬಟ್ಟೆ, ಕಾರಿನ ಕನ್ನಡಿಗೆ ತೂಗುಹಾಕುವ ಸುಗಂಧದ ಬಿಲ್ಲೆ ಬಾಚಿಕೊಳ್ಳುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಮುಖಗಳು. ಒಬ್ಬ ಕೋಟುಧಾರಿ ಬಬಲ್‌ಗಮ್ ನೊರೆಯಲ್ಲಿ ಬೆರಳು ಅದ್ದಿ, ಮೂಸಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ನಾಲಗೆಗೂ ಮುಟ್ಟಿಸಿದ. ಅವಳು ಬೇರೆ ಕಡೆ ತಿರುಗಿದಳು.

ಅವರ ಮನೆಯ ಕಸುಬು ನೀರಿನದು. ಕಾರು ತೊಳೆದ ಕೊಳಕು ನೀರನ್ನು ಚರಂಡಿಗೆ ಬಿಡದೆ ಹಿಡಿದು, ಸೋಸಿ, ಮತ್ತೆ ಕಾರು ತೊಳೆಯಲು ಕೊಡುವ ಯಂತ್ರ ಅವರದು. ಯಂತ್ರದ ಒಳಗಿನದೆಲ್ಲ ಸೊಸೆಯದು, ಹೊರಗಿನ ಬಾಯಿ ಮಾವನದು. ಎಷ್ಟು ಮರಳು, ಎಷ್ಟು ಇದ್ದಿಲು, ನೀರು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅವಳು ವರ್ಷಗಟ್ಟಲೆ ವರ್ಕ್‌ಶಾಪಿನಲ್ಲಿ ಕೂತು ಪಳಗಿಸಿದ್ದಳು. ಮಾರುವುದು, ಮಾತಾಡುವುದು, ಪ್ರದರ್ಶನಕ್ಕೆ ಹೋಗುವುದು ಮಾವ ಮತ್ತು ಅವಳ ಗಂಡನ ಪಾಲು. ಪ್ರದರ್ಶನಕ್ಕೆ ಅವಳನ್ನು ಕರೆದದ್ದು ಇದೇ ಮೊದಲು. "ಬಾರಮ್ಮ, ನಿನ್ನ ಯಂತ್ರ ಜನ ಹೇಗೆ ನೋಡ್ತಾರೆ ನೀನೂ ನೋಡು" ಎಂದಿದ್ದರು ಮಾವ. ಅವಳಿಗೆ ಖುಷಿಯೇ ಆಗಿತ್ತು.

ಮಾವನ ಗ್ಲಾಸು ಈ ಕಸುಬಿನಲ್ಲಿ ಹೆಸರುವಾಸಿ. ಪ್ರತಿ ವರ್ಷ ಪ್ರದರ್ಶನದಲ್ಲಿ ಕೆಸರು ಮೆತ್ತಿದ ಕಾರನ್ನು ಎಲ್ಲರೆದುರು ತೊಳೆಸುತ್ತಿದ್ದರು. ಆ ನೀರು ಜಾಲರಿಯಿಂದ ಇಳಿದು ಮೂರು ಗಾಜಿನಂಥ ತೊಟ್ಟಿಗಳನ್ನು ದಾಟಿ ಬರುವುದನ್ನು ಜನ ನಿಂತು ನೋಡುತ್ತಿದ್ದರು. ಮೊದಲನೆಯದರಲ್ಲಿ ಕಪ್ಪು, ಎರಡನೆಯದರಲ್ಲಿ ಚಹಾದ ಬಣ್ಣ, ಮೂರನೆಯದರಲ್ಲಿ ಕಣ್ಣೀರಿನಷ್ಟು ತಿಳಿ. ಆಮೇಲೆ ಮಾವ ಮುಂದಿನ ನಲ್ಲಿಯಿಂದ ಒಂದು ಗ್ಲಾಸು ಹಿಡಿದು, ಬೆಳಕಿಗೆ ಎತ್ತಿ ತೋರಿಸಿ, ಗಟಗಟ ಕುಡಿದುಬಿಡುತ್ತಿದ್ದರು. ಆ ಫೋಟೋಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಯಲ್ಲಿ ತೂಗುಹಾಕಿದ್ದಾರೆ.

ಸೊಸೆ ಎಷ್ಟೋ ಸಲ ಬೇಡ ಅಂದಿದ್ದಳು. ಮೊದಲ ತೊಟ್ಟಿಯ ತಳದ ಕೆಸರನ್ನು ಸಲಿಕೆಯಲ್ಲಿ ಎತ್ತಿ ನೋಡಿದವಳು ಅವಳು. ಟೈರಿನ ರಬ್ಬರು, ಬ್ರೇಕಿನ ಪುಡಿ, ರಸ್ತೆಯಲ್ಲಿ ಸತ್ತದ್ದರ ಕೂದಲು, ಹಕ್ಕಿ ಹಿಕ್ಕೆ, ಅಪ್ಪಚ್ಚಿಯಾದ ಹುಳುಗಳು. ಸೀಟಿನ ಕೆಳಗಿನ ಚಾಪೆ ಒದರಿದರೆ ಉಗುರಿನ ಚೂರು, ಅಗಿದು ಅಂಟಿಸಿದ ಗಮ್ಮು, ಯಾವುದೋ ಮಗು ಯಾವತ್ತೋ ಕಕ್ಕಿದ ಹಾಲು. ಮರಳು ಇದ್ದಿಲಿನಲ್ಲಿ ಅವೆಲ್ಲ ನಿಂತುಬಿಡುತ್ತವೆ, ನಿಜ. ಕರಗಿದ ಸೋಪು, ಕರಗಿದ ಲೋಹ ನಿಲ್ಲುವುದಿಲ್ಲ. ತಿಳಿಯಾಗಿರುವುದೇ ಬೇರೆ, ಶುದ್ಧವಾಗಿರುವುದೇ ಬೇರೆ. ಇದನ್ನು ಹೇಳಿದಾಗೆಲ್ಲ ಮಾವ ಎದೆ ತಟ್ಟಿಕೊಂಡು, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತಿದ್ದರು. ಮನುಷ್ಯ ಹಟಮಾರಿ, ಆದರೆ ತನ್ನ ಕೆಲಸವನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟು ನಂಬಿದ್ದಾನಲ್ಲ ಎಂದು ಅವಳು ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ಮಳಿಗೆ ಸಿಕ್ಕಿತು. ಅದರ ನೆತ್ತಿಯ ಮೇಲೆ ಆಳೆತ್ತರದ ಬೋರ್ಡು. ಬೋರ್ಡಿನ ತುಂಬ ಅವಳೇ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುವ ಕೋಣೆಯ ಕಿಟಕಿಯ ಬಳಿ ನಿಂತದ್ದು, ಗಂಡ ತೆಗೆದ ಫೋಟೋ. ಕೈಗೆ ಒಂದು ನೀರಿನ ಗ್ಲಾಸನ್ನು ಯಾರೋ ಕಂಪ್ಯೂಟರಿನಲ್ಲಿ ಅಂಟಿಸಿದ್ದರು. ಕೆಳಗೆ ದಪ್ಪಕ್ಷರದಲ್ಲಿ: ನಮ್ಮ ಮನೆಯ ಬಸುರಿ ಸೊಸೆಯೇ ಕುಡಿಯುವ ನೀರು.

ಅವಳಿಗೆ ಒಂದು ಕ್ಷಣ ಯಾರೋ ಕೋಣೆಯ ಬಾಗಿಲು ತೆಗೆದು ಬೀದಿಗೆ ನಿಲ್ಲಿಸಿದ ಹಾಗಾಯಿತು.

"ಮಾವ, ಇದೇನಿದು?"

"ಚೆನ್ನಾಗಿ ಬಂದಿದೆ ಅಲ್ವಾ? ಫೋಟೋ ಇವನೇ ಕೊಟ್ಟಿದ್ದು." ಮಾವ ಮಗನ ಬೆನ್ನು ತಟ್ಟಿದರು. ಅವರ ಕಾಲರಿನಲ್ಲಿ ಸಣ್ಣ ಮೈಕು ಸಿಕ್ಕಿಸಿತ್ತು. ಅದನ್ನು ಹಚ್ಚುವ ಆರಿಸುವ ಡಬ್ಬಿ ಗಂಡನ ಹತ್ತಿರ, ಕೌಂಟರಿನ ಕೆಳಗೆ. ಬೆಳಗ್ಗೆ ಅವನು ಆರಿಸಲು ಮರೆತು, ಮಾವ ತಿಂಡಿ ತಿಂದು ತೇಗಿದ್ದು ಸ್ಪೀಕರಿನಲ್ಲಿ ಇಡೀ ಸಾಲಿಗೆ ಕೇಳಿಸಿತ್ತಂತೆ.

"ನನ್ನನ್ನ ಒಂದು ಮಾತು ಕೇಳ್ಲಿಲ್ಲ."

"ಮನೆ ಹುಡುಗೀನ ಕೇಳೋದೇನು ಬಂತು? ಎದುರುಗಡೆ ನೋಡು."

ಎದುರಿನ ಮಳಿಗೆಯಲ್ಲೂ ನೀರಿನ ಯಂತ್ರವೇ. ಅದರ ಮಾಲೀಕ ನುಣ್ಣನೆ ತಲೆಯವನು. ಗ್ಲಾಸಿನ ಅಂಚಿಗೆ ನಿಂಬೆಹೋಳು ಸಿಕ್ಕಿಸಿಕೊಂಡು ತನ್ನ ಯಂತ್ರದ ನೀರು ಕುಡಿಯುತ್ತಿದ್ದ. ಮಾವ ಅವನಿಗೆ ನಿಂಬೆ ಸಾಹೇಬ ಅಂತ ಹೆಸರಿಟ್ಟಿದ್ದರು.

"ನನ್ನನ್ನ ನೋಡಿ ಕಲಿತ ಕಳ್ಳ. ಈಗ ದಿನಕ್ಕೆ ಎರಡು ಗ್ಲಾಸ್ ಕುಡೀತಾನೆ. ನಾನು ಮೂರು ಕುಡಿದ್ರೆ ಅವನು ನಾಲ್ಕು ಕುಡೀತಾನೆ. ಇದು ಎಲ್ಲಿಗೆ ಮುಗಿಯುತ್ತೆ ಹೇಳು? ಬಸುರಿ ಕುಡಿದ್ರೆ ಮುಗೀತು. ಅವನ ಹತ್ರ ಬಸುರಿ ಇಲ್ಲ."

"ನಾನು ಕುಡಿಯಲ್ಲ ಮಾವ."

ಮಾವ ನಕ್ಕರು. ಮಧ್ಯಾಹ್ನ ದೊಡ್ಡ ಗಿರಾಕಿ ಬರುತ್ತಾನೆ, ಅವನಿಗೆ ಊರೂರಲ್ಲಿ ಕಾರು ತೊಳೆಯುವ ಅಂಗಡಿಗಳಿವೆ, ಅವನು ನಮ್ಮ ಯಂತ್ರ ಬೇಡ ಅಂದರೆ ವರ್ಕ್‌ಶಾಪಿಗೆ ಬೀಗ ಹಾಕಿ ಮನೆಯಲ್ಲಿ ಕೂರಬೇಕು ಎಂದು, ಬುದ್ಧಿ ಹೇಳುವ ದನಿಯಲ್ಲಿ ಹೇಳಿ ಯಾರನ್ನೋ ಮಾತಾಡಿಸಲು ಹೋದರು. ಗಂಡ ಅವಳ ತೋಳು ಹಿಡಿದು ಮಳಿಗೆಯ ಹಿಂದಿನ ಪರದೆಯೊಳಗೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಏನೋ ಒಳ್ಳೆಯ ಸುದ್ದಿ ಹೇಳುವ ಕಳೆ ಇತ್ತು.

"ಅಯ್ಯೋ ಹುಚ್ಚಿ, ಆ ನೀರು ಕುಡಿ ಅಂತ ನಿನಗೆ ಯಾರಂದ್ರು? ನೋಡಿಲ್ಲಿ."

ಎತ್ತರದ ಸ್ಟೂಲಿನ ಮೇಲೆ ಕುಡಿಯುವ ನೀರಿನ ದೊಡ್ಡ ಕ್ಯಾನು. ಅದರಿಂದ ಒಂದು ಸಣ್ಣ ಪೈಪು ಇಳಿದು, ಕೌಂಟರಿನ ಬೆನ್ನಿಗೆ ಹೋಗಿ, ಮುಂದಿನ ನಲ್ಲಿಗೆ ಸೇರಿತ್ತು. ಅಲ್ಲೊಂದು ಪುಟ್ಟ ಹಿಡಿ. ಈ ಕಡೆ ತಿರುಗಿಸಿದರೆ ನಲ್ಲಿಯಲ್ಲಿ ಮೂರನೇ ತೊಟ್ಟಿಯ ನೀರು, ಆ ಕಡೆ ತಿರುಗಿಸಿದರೆ ಕ್ಯಾನಿನ ನೀರು.

"ಯಾವತ್ತಿಂದ ಇದು?"

"ಮೊದಲಿಂದ್ಲೂ. ಅಪ್ಪನಿಗೇನು ತಲೆ ಕೆಟ್ಟಿದೆಯಾ ಆ ಗಲೀಜು ಕುಡಿಯೋಕೆ?"

ಗಲೀಜು. ಅವಳ ಯಂತ್ರದಿಂದ ಬಂದ ನೀರಿಗೆ ಅವಳ ಗಂಡ ಇಟ್ಟುಕೊಂಡಿದ್ದ ಹೆಸರು. ಅದನ್ನು ಯಾರೂ ಕುಡಿಯಬಾರದು ಅಂತಲೇ ಅವಳು ಇಷ್ಟು ವರ್ಷ ಬಡಕೊಂಡದ್ದು; ಕುಡಿದಿಲ್ಲ ಅಂದಾಗ ಸಮಾಧಾನವಾಗಬೇಕಿತ್ತು. ಆದರೆ ಅವಳಿಗೆ ಹೇಸಿಗೆಯಾಯಿತು. ಗೋಡೆಯ ಮೇಲಿನ ಆ ಫೋಟೋ, ಎದೆ ತಟ್ಟಿಕೊಂಡದ್ದು, ಅವಳೂ ನಂಬಿ ಹೆಮ್ಮೆಪಟ್ಟದ್ದು ಎಲ್ಲ ನೆನಪಾಯಿತು. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದನ್ನು ಬೇರೆಯವರ ಮನೆಗೆ ಹೇಳುವ ಗಾದೆ ಅಂದುಕೊಂಡಿದ್ದಳು. ನಾಳೆ ಯಾರೋ ಬಡಪಾಯಿ, ಬಸುರಿಯೇ ಕುಡಿಯುತ್ತಾಳಂತೆ ಎಂದು ನಂಬಿ, ಕಾರು ತೊಳೆಯುವಲ್ಲಿ ಬಾಯಾರಿದಾಗ ಆ ನಲ್ಲಿಗೆ ಬಾಯಿ ಒಡ್ಡಿದರೆ?

"ನಿಮಗೆ ಅಸಹ್ಯ ಅನ್ಸಲ್ವಾ?" ಅಂದಳು.

"ಯಾರಿಗೂ ಏನೂ ಆಗಲ್ವಲ್ಲ" ಎಂದು ಹೇಳಿ ಗಂಡ ಹೊರಗೆ ಹೋದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಮನೆಗೆ ತಾನು ಸೇರಿದ್ದೇನೆ ಅನ್ನಿಸಿತು ಅವಳಿಗೆ. ಪೈಪನ್ನು ಎರಡೂ ಕಡೆ ಕಿತ್ತಳು, ಕ್ಯಾನಿನ ಬಾಯಿ ಬಿಗಿದಳು, ಹಿಡಿಯನ್ನು ತೊಟ್ಟಿಯ ಕಡೆಗೆ ತಿರುಗಿಸಿದಳು, ಪೈಪನ್ನು ಸುತ್ತಿ ತನ್ನ ಬ್ಯಾಗಿನೊಳಗೆ ತುರುಕಿದಳು. ಯಾರನ್ನೂ ಸಿಕ್ಕಿಸುವ ಯೋಚನೆ ಅವಳಿಗಿರಲಿಲ್ಲ. ಪೈಪೇ ಇಲ್ಲ ಅಂದರೆ ಗ್ಲಾಸಿನ ಆಟವೂ ಇಲ್ಲ, ಹೋಗಿ ಹೇಳಿದರಾಯಿತು ಅಂದುಕೊಂಡಳು.

ಹೇಳಲು ಪುರಸೊತ್ತು ಸಿಗಲಿಲ್ಲ. ಅವಳು ಪರದೆ ಸರಿಸಿ ಹೊರಬರುವಷ್ಟರಲ್ಲಿ ದೊಡ್ಡ ಗಿರಾಕಿ ಹೊತ್ತಿಗೆ ಮೊದಲೇ ಬಂದು ನಿಂತಿದ್ದ. ಒಣಕಲು ಮೈ, ಜೇಬಿನಲ್ಲಿ ಕೈ, ಯಾವುದಕ್ಕೂ ತಲೆಯಾಡಿಸದ ಮುಖ. ಅವನ ಹಿಂದೆ ಜನ ಕಿಕ್ಕಿರಿದಿದ್ದರು. ಕಾರು ಆಗಲೇ ತೊಳೆದಾಗಿತ್ತು, ಮೂರನೇ ತೊಟ್ಟಿ ತಿಳಿಯಾಗಿ ಹೊಳೆಯುತ್ತಿತ್ತು, ಮಾವನ ದನಿ ಸ್ಪೀಕರಿನಲ್ಲಿ ಗುಡುಗುತ್ತಿತ್ತು. "ಇದೋ ನೋಡಿ, ಬಂದ್ಲು ನಮ್ಮ ಮನೆ ಲಕ್ಷ್ಮಿ. ಬಾರಮ್ಮ, ಇವರಿಗೆಲ್ಲ ತೋರಿಸು."

ಜನ ದಾರಿ ಬಿಟ್ಟರು. ಮೊಬೈಲುಗಳು ಮೇಲೆದ್ದವು. ಬೋರ್ಡಿನಲ್ಲಿರುವ ಹೊಟ್ಟೆ ಇದೇ ಹೌದೋ ಅಲ್ಲವೋ ಎಂದು ತಾಳೆ ನೋಡುವವರಂತೆ ಕೆಲವರು ಮೇಲೆ ನೋಡಿ ಕೆಳಗೆ ನೋಡಿದರು. ಮಾವ ನಲ್ಲಿ ತಿರುಗಿಸಿ ಗ್ಲಾಸು ತುಂಬಿ ಅವಳ ಕೈಗಿಟ್ಟರು. ನೀರು ಬೆಚ್ಚಗಿತ್ತು. ಮೂಗಿನ ಹತ್ತಿರ ತಂದಾಗ ತಳದಿಂದ ಚೆರ್ರಿಯ ವಾಸನೆ ಎದ್ದು ಬಂತು.

ಅವಳು ಮಾವನ ಕಾಲರಿನ ಮೈಕಿನ ಮೇಲೆ ಅಂಗೈ ಮುಚ್ಚಿ ಮೆಲ್ಲಗೆ ಹೇಳಿದಳು: "ಮಾವ, ಪೈಪು ಕಿತ್ತಿದ್ದೀನಿ. ಇದು ತೊಟ್ಟಿ ನೀರು. ಇಲ್ಲಿಗೆ ಸಾಕು ಬಿಡಿ."

ಮಾವನ ಕಣ್ಣು ಒಮ್ಮೆ ಗ್ಲಾಸಿಗೆ, ಒಮ್ಮೆ ಗಿರಾಕಿಗೆ ಹೋಯಿತು. ಎದುರು ಸಾಲಿನಲ್ಲಿ ನಿಂಬೆ ಸಾಹೇಬ ಕೈಕಟ್ಟಿಕೊಂಡು ನಿಂತು ಹಲ್ಲು ಬಿಡುತ್ತಿದ್ದ. ಮಾವ ಅವಳ ಕೈಯಿಂದ ಗ್ಲಾಸು ತೆಗೆದುಕೊಂಡರು. "ಸೊಸೆಗೆ ನಾಚಿಕೆ! ದೊಡ್ಡವರು ಮೊದಲು ಕುಡೀಲಿ ಅಂತಾಳೆ" ಎಂದು ಜನರನ್ನು ನಗಿಸಿ, ಗ್ಲಾಸನ್ನು ಬಾಯಿಗೆ ಎತ್ತಿಬಿಟ್ಟರು.

ಮೊದಲ ಗುಟುಕು ಬಾಯಲ್ಲೇ ನಿಂತದ್ದು ಅವಳಿಗೆ ಕಂಡಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಮೇಲೆ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಇಳಿಯಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಖಾಲಿ ಗ್ಲಾಸನ್ನು ಬೋರಲು ಹಿಡಿದು ತೋರಿಸಿದಾಗ ಅವರ ಮುಖದಲ್ಲಿ ಕಟ್ಟು ಹಾಕಿಸಿದ ಫೋಟೋದ ಅದೇ ನಗುವಿತ್ತು, ಕಣ್ಣಲ್ಲಿ ಮಾತ್ರ ನೀರು. ಜನ ಚಪ್ಪಾಳೆ ತಟ್ಟಿದರು.

ಗಂಡ ಮೈಕು ಆರಿಸಿ ಪರದೆಯ ಹಿಂದೆ ಓಡಿಬಂದ. ಮಾವ ಆಗಲೇ ಅಲ್ಲಿ ಸ್ಟೂಲು ಹಿಡಿದು ಬಗ್ಗಿ ನಿಂತಿದ್ದರು.

"ಬೆರಳು ಹಾಕಿ ಕಕ್ಕಿಬಿಡಿ ಮಾವ" ಅಂದಳು ಸೊಸೆ. ಅವಳಿಗೆ ನಿಜವಾಗಿ ಭಯವಾಗಿತ್ತು. "ಕುಡೀಬೇಡಿ ಅಂದೆನಲ್ಲ ನಾನು."

ಮಾವ ಕೈಯೆತ್ತಿ ತಡೆದರು. ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತು ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿ, "ಸೋಪಿನ ರುಚಿ ಇದೆಯಲ್ಲಮ್ಮ" ಅಂದರು. "ಅದೊಂದು ಸರಿಮಾಡು."

ಅವಳಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಆ ಮನುಷ್ಯ ತಿಳಿದು ಆಡಿದ ಮೊದಲ ಮಾತು ಅದು. ಎಲ್ಲರೆದುರು ತನ್ನ ಮುಖಕ್ಕೆ ಮಸಿ ಬಳಿಯಲಿಲ್ಲ, ಬೈಯಲಿಲ್ಲ, ಕುಡಿದು ನುಂಗಿಕೊಂಡರಲ್ಲ ಎಂದು ಮನಸ್ಸು ಒಂಚೂರು ಕರಗಿತು. ಆ ಕರಗಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಪೈಪು ಎಲ್ಲಿಟ್ಟೆ? ತಂದು ಸಿಕ್ಕಿಸು" ಅಂದರು ಮಾವ. ಬಣ್ಣ ಆಗಲೇ ಮುಖಕ್ಕೆ ವಾಪಸು ಬರುತ್ತಿತ್ತು. "ಈ ಸಲ ಹೇಗೋ ಆಯ್ತು. ನಿನಗೆ ನಾಚಿಕೆ ಆದ್ರೆ ಬಿಡು, ಬಲವಂತ ಇಲ್ಲ. ಬರೋ ವರ್ಷದ ಹೊತ್ತಿಗೆ ಕೂಸು ಬಂದಿರುತ್ತೆ. ಹಾಲಿನ ಬಾಟ್ಲಿಗೆ ಅಲ್ಲೇ ನಲ್ಲಿಯಿಂದ ತುಂಬಿ, ತೊಡೆ ಮೇಲೆ ಕೂರಿಸ್ಕೊಂಡು ಕುಡಿಸಿದ್ರೆ, ಆ ನಿಂಬೆಹೋಳು ಅಂಗಡಿ ಮುಚ್ಕೊಂಡು ಹೋಗ್ಬೇಕು."

"ಕ್ಯಾನ್ ನೀರೇ ಕಣೇ" ಅಂದ ಗಂಡ, ಅವಳ ಮುಖ ನೋಡಿ. "ಕಾಯಿಸಿ ಆರಿಸಿ ತುಂಬಿಸೋಣ."

ಅಪ್ಪ ಮಗ ಇಬ್ಬರೂ ಅವಳನ್ನು ನೋಡುತ್ತಿದ್ದರು, ಇನ್ನೇನು ಕುಂದು ಉಳಿಯಿತು ಅನ್ನುವ ಹಾಗೆ. ಹುಟ್ಟದ ಮಗುವಿಗೆ ಆಗಲೇ ಬೋರ್ಡು ಬರೆದಾಗಿತ್ತು. ಅವಳ ಹೊಟ್ಟೆಯಲ್ಲಿ ಬೆಳಗಿನಿಂದ ಮಡುಗಟ್ಟಿದ್ದು ಎದೆಯವರೆಗೆ ಏರಿತು. ಹೇಳಲು ಬಾಯಿ ತೆರೆದರೆ ಮಾತಲ್ಲದ ಇನ್ನೇನೋ ಬರುತ್ತದೆ ಅನ್ನಿಸಿತು.

ಹೊರಗಿಂದ ಗಿರಾಕಿಯ ದನಿ ಬಂತು. "ಇನ್ನೊಂದು ಸಲ ಮೊದಲಿಂದ ತೋರಿಸ್ತೀರಾ? ನಮ್ಮ ಮ್ಯಾನೇಜರ್ ಈಗ ಬಂದ್ರು."

ಪೈಪಿನ ಮಾತು ಅಲ್ಲಿಗೇ ನಿಂತಿತು. ಗಂಡ ಮೈಕು ಹಚ್ಚಿ, ನೊರೆ ಉಗುಳುವ ಗನ್ನು ಎತ್ತಿಕೊಂಡ. ಮಾವ ಎದೆ ಸೆಟೆಸಿ ನಡೆದರು. ಒಂದು ಸಲ ಕುಡಿದವನಿಗೆ ಎರಡನೆಯದು ಏನು ಮಹಾ ಅನ್ನುವ ಧೈರ್ಯ ಬಂದುಬಿಟ್ಟಿತ್ತು ಅವರಿಗೆ. ನಲ್ಲಿಯಿಂದ ಇನ್ನೊಂದು ಗ್ಲಾಸು ಹಿಡಿದು ತಯಾರಾಗಿ ನಿಂತರು. ಸೊಸೆ ಗಾಳಿ ಬೇಕೆಂದು ಕಾರಿನ ಪಕ್ಕಕ್ಕೆ ಬಂದಳು. ಅದೇ ಹೊತ್ತಿಗೆ ಗಂಡ ಗನ್ನು ಒತ್ತಿದ. ಬೆಚ್ಚನೆಯ ಚೆರ್ರಿ ನೊರೆ ಬಾನೆಟ್ಟಿನಿಂದ ಸಿಡಿದು ಅವಳ ತುಟಿಗೆ ಹಾರಿತು.

ಅವಳು ಕಾರಿನ ಬಾನೆಟ್ಟು ಹಿಡಿದುಕೊಂಡು ಅದರ ಮೇಲೆಯೇ ಕಾರಿದಳು. ಬೆಳಗ್ಗೆ ತಿಂದದ್ದು, ದಾರಿಯಲ್ಲಿ ತಿಂದದ್ದು, ಎಲ್ಲ. ಒಂದು ಸಲ ನಿಂತಿತು ಅಂದುಕೊಂಡಾಗ ಇನ್ನೊಂದು ಸಲ ಬಂತು.

ಗಂಡನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈಗೆ ಇದ್ದ ಅಭ್ಯಾಸ ಒಂದೇ. ನೀರಿನ ಗನ್ನು ಎತ್ತಿಕೊಂಡು ಬಾನೆಟ್ಟು ತೊಳೆದ. ಹಳದಿ ನೊರೆ ಜಾರಿ ಜಾಲರಿಗೆ ಇಳಿಯಿತು, ಜಾಲರಿಯಿಂದ ಮೊದಲ ತೊಟ್ಟಿಗೆ ಬಂತು. ಗಾಜಿನಂಥ ಗೋಡೆಯ ಹಿಂದೆ ಅರೆ ಅರಗಿದ ಅನ್ನದ ಅಗುಳುಗಳು ನಿಧಾನವಾಗಿ ಸುತ್ತುವುದನ್ನು, ಕಾಸು ಕೊಟ್ಟು ಬಂದವರಂತೆ, ಎಲ್ಲರೂ ನಿಂತು ನೋಡಿದರು. ಎರಡನೆಯದು ಚಹಾದ ಬಣ್ಣದಲ್ಲೇ ಇತ್ತು. ಮೂರನೆಯದು ಕಣ್ಣೀರಿನಷ್ಟು ತಿಳಿ.

ದೊಡ್ಡ ಗಿರಾಕಿ ಜೇಬಿನಿಂದ ಕೈ ತೆಗೆದ. "ಸರಿ" ಅಂದ. "ಈಗ ಕುಡೀರಿ ನೋಡೋಣ."

"ಸ್ವಲ್ಪ ತಡೀರಿ ಮಾವ" ಅಂದಳು ಸೊಸೆ, ಕಂಪನಿಯ ಹೆಸರಿದ್ದ ಒರೆಸುವ ಬಟ್ಟೆಯಲ್ಲಿ ಬಾಯಿ ಒರೆಸಿಕೊಳ್ಳುತ್ತ. ಅವಳ ದನಿಯಲ್ಲಿ ಕುಹಕ ಇರಲಿಲ್ಲ, ವರ್ಕ್‌ಶಾಪಿನಲ್ಲಿ ಮಾತಾಡುವ ದನಿಯೇ ಅದು. "ಅದು ಸುತ್ತಿಕೊಂಡು ನಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ನಿಮ್ಮ ಕೈಲಿರೋದು ಅದಕ್ಕಿಂತ ಮುಂಚಿನ ಕಾರಿನವರದ್ದು."

ಮಾವ ಗ್ಲಾಸನ್ನು ನೋಡಿದರು. ಎಷ್ಟೋ ವರ್ಷಗಳಿಂದ ಎತ್ತಿ ತೋರಿಸುತ್ತಿದ್ದ ಗ್ಲಾಸಿನೊಳಗೆ ಅವರು ಇಣುಕಿದ್ದು ಅದೇ ಮೊದಲು ಇರಬೇಕು. ತುಟಿಯ ಎರಡು ಕೊನೆ ಕೆಳಗೆ ಇಳಿದವು, ಮೂಗು ಸುಕ್ಕುಗಟ್ಟಿತು. ಬೆಳಗಿನಿಂದ ಅವಳು ಹೊತ್ತು ತಿರುಗುತ್ತಿದ್ದ ಮುಖ ಈಗ ಅವರಿಗೆ ಬಂದಿತ್ತು. ಅವರು ಬಗ್ಗಿ ಗ್ಲಾಸನ್ನು ಜಾಲರಿಗೆ ಸುರಿದರು.

ಆಮೇಲೆ ಅವಳನ್ನು ನೋಡಿದರು. ಕಾರಿಗೆ ಒರಗಿ ನಿಂತಿದ್ದಳು. ಅವರು ಪರದೆಯ ಹಿಂದೆ ಹೋದರು. ಮೈಕಿನ ಡಬ್ಬಿಯ ಹತ್ತಿರ ಯಾರೂ ಇರಲಿಲ್ಲ; ಗಂಡನ ಕೈಯಲ್ಲಿ ಇನ್ನೂ ಗನ್ನಿತ್ತು. ಕ್ಯಾನು ಬಗ್ಗಿಸಿದ ಗಳಗಳ ಸದ್ದು ಸ್ಪೀಕರಿನಲ್ಲಿ ದೊಡ್ಡದಾಗಿ ಬಂತು. ಗ್ಲಾಸು ತೊಳೆದ ಸದ್ದು, ಬಾಯಿ ಮುಕ್ಕಳಿಸಿ ಉಗುಳಿದ ಸದ್ದು, ಮತ್ತೆ ಗಳಗಳ. ಜನ ಸ್ಪೀಕರಿನ ಕಡೆ ತಿರುಗಿದರು. ನಿಂಬೆ ಸಾಹೇಬ ಕಟ್ಟಿದ ಕೈ ಬಿಚ್ಚಿದ.

ಮಾವ ತುಂಬಿದ ಗ್ಲಾಸು ಹಿಡಿದು ಬಂದು ಅವಳ ಮುಂದೆ ಬಾಗಿದರು. "ತಗೋಮ್ಮ. ಬಾಯಿ ತೊಳ್ಕೊ, ಆಮೇಲೆ ಒಂದು ಗುಟುಕು ಕುಡಿ."

ಅವರ ಕಾಲರು ಅವಳ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಮೈಕಿನ ಕೆಂಪು ಚುಕ್ಕೆ ಉರಿಯುತ್ತಿತ್ತು. ಆಗ ಮಾಡಿದಂತೆ ಅಂಗೈ ಮುಚ್ಚಿದ್ದರೆ ಆಗುತ್ತಿತ್ತು. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಖಾಲಿ ಇತ್ತು. ಅವಳು ಅದನ್ನು ಎತ್ತಲಿಲ್ಲ.

"ಯಾವ ನೀರು ಮಾವ ಇದು?"

ಮಾವ ಮಗುವಿಗೆ ಹೇಳುವ ಹಾಗೆ, ಮೆಲ್ಲಗೆ, ಅಕ್ಕರೆಯಿಂದ ಹೇಳಿದರು. ಆ ಅಕ್ಕರೆ ನಿಜವಾದದ್ದೇ. ಮಳಿಗೆಗಳ ಆ ಸಾಲಿಗೆ ಸಾಲೇ ಅದನ್ನು ಕೇಳಿಸಿಕೊಂಡಿತು.

"ಹೆದರ್ಬೇಡ ಕಣಮ್ಮ, ಕ್ಯಾನ್ ನೀರೇ. ನಾನು ಯಾವಾಗ್ಲೂ ಕುಡಿಯೋದು ಇದನ್ನೇ."

ಸೊಸೆ ಗ್ಲಾಸು ಇಸಿದುಕೊಂಡು, ಎಲ್ಲರೆದುರಿಗೆ, ನಿಧಾನವಾಗಿ ಪೂರ್ತಿ ಕುಡಿದಳು.